ನನ್ನ ಟ್ಯಾಕ್ಸಿಯ ಪೋರ್ಚುಗಲ್ ಮಂತ್ರಿ

ಮೂವತ್ತು ವರ್ಷದಿಂದ ಮಣಿಪಾಲದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೇನೆ. ನಗುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋದದ್ದಿಲ್ಲ, ಅವೇ ಬಂದು ಸೀಟಿನಲ್ಲಿ ಕೂರುತ್ತವೆ. ಹಾಗೆ ಬಂದು ಕೂತವರೊಬ್ಬರು ಮುಂದೆ ಪೋರ್ಚುಗಲ್ ದೇಶದ ಮಂತ್ರಿಯಾದರು.

೧. ಗೌರವದ ಮಾತು

ಆಗ ಅವರು ಪೋರ್ಚುಗಲ್‌ನಿಂದ ಸಂಶೋಧನೆಗೆ ಬಂದ ವಿದ್ಯಾರ್ಥಿನಿ. ಕಡಲ್ಕೊರೆತ ಅಳೆಯಲು ವಾರಕ್ಕೆ ಮೂರು ದಿನ ನನ್ನ ಕಾರಿನಲ್ಲಿ ಕಾಪುವಿಗೆ ಹೋಗುತ್ತಿದ್ದರು. ದಾರಿಯಲ್ಲಿ ನನ್ನಿಂದಲೇ ಕನ್ನಡ ಕಲಿತರು. ಒಂದು ದಿನ, ನೀವು ಮಾತುಮಾತಿಗೆ ಹೇಳುವ 'ಮಾರಾಯ' ಎಂದರೆ ಎಂತ ಎಂದು ಕೇಳಿದರು. ಎದುರು ಲಾರಿ ಬರುತ್ತಿತ್ತು. ಗೌರವಕ್ಕೆ ಹೇಳುವುದು ಎಂದುಬಿಟ್ಟೆ.

ಒಂದು ಕಚೇರಿಯಲ್ಲಿ ಅವರ ಅನುಮತಿ ಪತ್ರ ಎರಡು ತಿಂಗಳಿಂದ ಬಿದ್ದುಕೊಂಡಿತ್ತು. ಅಂದು ಮೇಡಂ ನೇರ ದೊಡ್ಡ ಅಧಿಕಾರಿಯ ಮುಂದೆ ಹೋಗಿ ಕೈಮುಗಿದು, "ನಮಸ್ಕಾರ ಮಾರಾಯ. ನನ್ನ ಲೆಟರ್ ಎಂತ ಆಯಿತು ಮಾರಾಯ?" ಎಂದರು. ನಾನು ಬಾಗಿಲ ಹಿಂದೆ ಸರಿದೆ. ಅಧಿಕಾರಿ ಅವರನ್ನೇ ಒಂದು ಗಳಿಗೆ ನೋಡಿ, ತಾವೇ ಎದ್ದು ಫೈಲು ಹುಡುಕಿ ಸಹಿ ಹಾಕಿಕೊಟ್ಟರು. ಹೊರಗೆ ಬಂದು ಮೇಡಂ ನನಗೆ ಹೇಳಿದ್ದು, ಗೌರವ ಕೊಟ್ಟರೆ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ ಎಂದು.

೨. ಬಂಗುಡೆಯ ಪ್ರಶ್ನೆ

ವರ್ಷಗಳು ಕಳೆದ ಮೇಲೆ ವಾಟ್ಸಾಪಿನಲ್ಲಿ ಸುದ್ದಿ ಬಂತು: ಅವರು ಪರಿಸರ ಮಂತ್ರಿಯಾಗಿದ್ದರು. ಸೈಕಲಿನಲ್ಲಿ ಕಚೇರಿಗೆ ಹೋಗುವ ಫೋಟೋ ಕಳಿಸಿದ್ದರು. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಬ್ಬರೂ ನಂಬಲಿಲ್ಲ. ಹಾರ ಇಲ್ಲ, ಹಿಂದೆ ಮುಂದೆ ಕಾರಿಲ್ಲ, ಇವರು ಯಾವ ಸೀಮೆಯ ಮಂತ್ರಿ ಎಂದು ಕೇಳಿದರು. ಮಂತ್ರಿಯೇ ಆದರೆ ಬಂಗುಡೆ ಮೀನಿಗೆ ಯಾಕೆ ಇಷ್ಟು ರೇಟು ಎಂದು ಕೇಳು ಅಂತ ಒಬ್ಬ ಹೇಳಿದ. ಕೇಳಿದೆ. ಮರುದಿನ ಉತ್ತರ ಬಂತು: "ಒಳ್ಳೆಯ ಪ್ರಶ್ನೆ. ಆದರೆ ಅದು ನನ್ನ ಇಲಾಖೆಗೆ ಬರುವುದಿಲ್ಲ."

ಸ್ಟ್ಯಾಂಡಿನವರೆಲ್ಲ ಅದನ್ನು ಓದಿ, ಇವರು ಮಂತ್ರಿಯೇ ಹೌದು ಎಂದು ಒಪ್ಪಿಕೊಂಡರು.

೩. ಅಂಗರಕ್ಷಕ

ಮಂತ್ರಿಯಾಗಿ ಒಮ್ಮೆ ಬಂದರು. ಉಡುಪಿಯ ಸನ್ಮಾನ ಸಭೆಯಲ್ಲಿ ಅವರ ಬೆನ್ನಿಗೆ ಆರಡಿಯ ಅಂಗರಕ್ಷಕ. ಮೇಡಂ ಸಿಕ್ಕಿದ್ದನ್ನೆಲ್ಲ ಹಿಂದಕ್ಕೆ ಅವನಿಗೆ ದಾಟಿಸುತ್ತಿದ್ದರು. ಶಾಲು, ಹಣ್ಣಿನ ಬುಟ್ಟಿ, ದೊಡ್ಡದೊಂದು ದೀಪಸ್ತಂಭ, ಕೊನೆಗೆ ಎರಡು ಹಲಸಿನ ಹಣ್ಣು. ಅವನ ಮುಖ ಮಾತ್ರ ಮೊದಲಿನ ಹಾಗೇ ಗಂಭೀರ. ಆ ಹೊತ್ತಿನಲ್ಲಿ ಏನಾದರೂ ಆಗಿದ್ದರೆ ಮೇಡಂ ಅವನನ್ನು ಕಾಪಾಡಬೇಕಿತ್ತು.

೪. ಮಾಜಿ

ಮರುವರ್ಷ ಪೋರ್ಚುಗಲ್‌ನಲ್ಲಿ ಸರಕಾರ ಬಿತ್ತು. ಮೇಡಂ ಒಬ್ಬರೇ ಬಂದರು, ಮುಂದಿನ ಸೀಟಿನಲ್ಲಿ ಕೂತರು. ಕಾರ್ಕಳದಲ್ಲಿ ಕೆರೆಯ ದಂಡೆಯ ಮೇಲೆ ಕೂತು, ಎರಡು ವರ್ಷ ಹಗಲೆಲ್ಲ ಸಹಿ ಹಾಕಿದೆ, ಯಾವ ಕೆಲಸವೂ ಮುಗಿಯಲಿಲ್ಲ ಎಂದರು. ಊಟಕ್ಕೆ ಕೆಮ್ಮಣ್ಣಿನ ನಮ್ಮ ಮನೆಗೆ ಕರೆದುಕೊಂಡು ಹೋದೆ.

ಸಾರು ಬಡಿಸುವಷ್ಟರಲ್ಲಿ ನಾವು ಬಾಯಿ ಎಂದು ಕರೆಯುವ ನೆರೆಮನೆಯ ಕೊಂಕಣಿ ಹೆಂಗಸು, ಮಂತ್ರಿ ಬಂದಿದ್ದಾರೆಂದು ಕೇಳಿ, ಕೈಯಲ್ಲೊಂದು ಅರ್ಜಿ ಹಿಡಿದು ಬಂದರು. ನಮ್ಮ ತೋಡು, ಅಂದರೆ ಸಣ್ಣ ಹಳ್ಳ, ದಾಟಲು ಹಾಕಿದ ಕಾಲುಸಂಕದ ಹಿಡಿಕಂಬಿ ಮುರಿದು ವರ್ಷವಾಗಿತ್ತು. ಕಳೆದ ಮಳೆಗಾಲದಲ್ಲಿ ಬಾಯಿ ಅಲ್ಲೇ ಜಾರಿ ಕೈ ಮುರಿದುಕೊಂಡಿದ್ದರು. ಪಂಚಾಯತಿಗೆ ಐದು ಅರ್ಜಿ ಕೊಟ್ಟಿದ್ದರು, ಇದು ಆರನೆಯದು. ಮೇಡಂ ಸಂಕೋಚದಿಂದ, ನಾನು ಬೇರೆ ದೇಶದವಳು, ಈಗ ಮಂತ್ರಿಯೂ ಅಲ್ಲ ಎಂದರು.

"ಪರವಾಗಿಲ್ಲ," ಎಂದರು ಬಾಯಿ. "ಮಂತ್ರಿ ಆಗಿದ್ದವರಿಂದಲೂ ಇಲ್ಲಿ ಆಗಲಿಲ್ಲ. ನೀವೊಂದು ಸೈನ್ ಹಾಕಿ."

ಬಂದಾಗಿನಿಂದ ಮೊದಲ ಸಲ ಮೇಡಂ ನಕ್ಕರು. ಬಾಯಿಯ ಸಹಿಯ ಕೆಳಗೆ ತಮ್ಮ ಸಹಿ ಹಾಕಿ, 'ಮಾಜಿ ಮಂತ್ರಿ, ಪೋರ್ಚುಗಲ್' ಎಂದು ಕನ್ನಡದಲ್ಲೇ ಬರೆದರು.

ಕಚೇರಿಯಲ್ಲಿ ಆ ಸಹಿ ನೋಡಿ ಯಾರು ಎಂತ ತಿಳಿದುಕೊಂಡರೋ ಗೊತ್ತಿಲ್ಲ. ಮೂರನೆಯ ವಾರ ಸಂಕಕ್ಕೆ ಕಬ್ಬಿಣದ ಹಿಡಿಕಂಬಿ ಬಂತು, ಹಸಿರು ಬಣ್ಣವೂ ಬಿತ್ತು. ಅದನ್ನು ಹಿಡಿದು ನಿಂತ ಬಾಯಿಯ ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಉತ್ತರ ತಕ್ಷಣ ಬಂತು:

"ನನ್ನ ಸಹಿಯಿಂದ ಮುಗಿದ ಮೊದಲ ಕೆಲಸ ಇದು ಮಾರಾಯ. ಅಲ್ಲಿ ಇನ್ನೇನಾದರೂ ಮುರಿದದ್ದು ಉಂಟಾ?"