ಮಾವನ ಅಡಿಭಾರ

ಪುಣೆಯಲ್ಲಿ ‘ಅಡಿಭಾರ’ ಎಂಬ ಶಬ್ದವಿಲ್ಲದೆ ಚಹಾ ಕೂಡ ಕುಡಿಯಲಾಗದ ಮನುಷ್ಯರು ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಇದ್ದರೂ ಸ್ವಲ್ಪ.

ಹದಿಹರೆಯದಲ್ಲಿ ಮಾವ ಕರಾವಳಿಯ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿದೋಣಿಯಲ್ಲಿ, ಎರಡು ವರ್ಷ ಕೆಲಸ ಮಾಡಿದ್ದರು. ಸರಕು ಇಳಿಸಿ ಬರಿದಾದ ಮಂಜಿ ಗಾಳಿಗೆ ಮಗುಚದಂತೆ ಅದರ ತಳದಲ್ಲಿ ಕಲ್ಲು ತುಂಬುತ್ತಿದ್ದರಂತೆ. ಅದೇ ಅಡಿಭಾರ. ಆ ಕಲ್ಲಿಗೆ ಯಾರೂ ಬಾಡಿಗೆ ಕೊಡುವುದಿಲ್ಲ, ಆದರೆ ಮನೆ ಮುಟ್ಟಿಸುವುದು ಅದೇ ಎನ್ನುತ್ತಾರೆ ಮಾವ. ಸಮುದ್ರ ಬಿಟ್ಟು ಪುಣೆಯ ಸದಾಶಿವ ಪೇಠೆಯಲ್ಲಿ ಹೋಟೆಲ್ ಇಟ್ಟು ನಲವತ್ತು ವರ್ಷವಾಯಿತು. ಶಬ್ದ ಬಿಡಬೇಕಲ್ಲ!

ಒಮ್ಮೆ ಕಲಬುರಗಿ ಕಡೆಯ ಗೌಂಡಿಯೊಬ್ಬರು, ಅಂದರೆ ಗಾರೆ ಕೆಲಸದವರು, ಬಂದು “ಬರೀ ಚಾ ಸಾಕ್ರಿ” ಎಂದರು.

“ಹೊಟ್ಟೆಯಲ್ಲಿ ಅಡಿಭಾರ ಇಲ್ಲದೆ ಏಳನೇ ಮಾಳಿಗೆ ಹತ್ತುವುದಾ ಮಾರಾಯ್ರೆ?”

“ಹೊಸಾ ತಿಂಡಿ ಏನ್ರಿ? ಭಾಳ ಖಾರ ಇಲ್ಲಂದ್ರ ಒಂದ್ ಪ್ಲೇಟ್ ಕೊಡ್ರಿ.”

ಮಾವ ನಾಲ್ಕು ಇಡ್ಲಿ ಕೊಟ್ಟರು. ಗೌಂಡಿ ಇಂದಿಗೂ “ಒಂದ್ ಪ್ಲೇಟ್ ಅಡಿಭಾರ” ಎಂದೇ ಕೇಳಿ ತಿನ್ನುತ್ತಾರೆ.

ಸ್ಕೂಟರಿನ ಹಿಂದೆ ಕೂತ ಅತ್ತೆಯ ಪಾಡು ಕೇಳುವುದೇ ಬೇಡ. “ಅಲುಗಬೇಡ ಮಾರಾಯ್ತಿ, ನೀನು ನನ್ನ ಅಡಿಭಾರ!”

“ಕಟ್ಟಿಕೊಂಡ ಹೆಂಡತಿ ನಿಮಗೆ ಕಲ್ಲಾ? ಇನ್ನೊಮ್ಮೆ ಆ ಶಬ್ದ ಬರಲಿ, ನಾನು ರಿಕ್ಷಾದಲ್ಲಿ ಹೋಗ್ತೇನೆ.”

ಶಬ್ದ ಪ್ರತಿದಿನ ಬಂತು. ಅತ್ತೆ ಒಮ್ಮೆಯೂ ರಿಕ್ಷಾ ಹತ್ತಲಿಲ್ಲ.

ಕಳೆದ ತಿಂಗಳು ಅತ್ತೆಗೆ ಹೃದಯದ ಆಪರೇಷನ್. ಅವರನ್ನು ಆಸ್ಪತ್ರೆಗೆ ಸೇರಿಸಿದ ಸಂಜೆಯಿಂದ ಮಾವನ ಬಾಯಲ್ಲಿ ಆ ಶಬ್ದ ನಿಂತುಹೋಯಿತು. ಮರುದಿನ ಬೆಳಿಗ್ಗೆ ಮಾವನ ಸ್ಕೂಟರಿನ ಹಿಂದೆಯೇ ನಾನು ಬೈಕಿನಲ್ಲಿದ್ದೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ಹಗ್ಗದಿಂದ ಬಿಗಿದ ಅಕ್ಕಿ ಚೀಲವಿತ್ತು. ಚೀಲದ ತಲೆಗೆ ಅತ್ತೆಯ ನೀಲಿ ಹೆಲ್ಮೆಟ್ ಇತ್ತು.

ಸಿಗ್ನಲ್ಲಿನಲ್ಲಿ ಪೊಲೀಸ್ ತಡೆದರು. “ಕಾಕಾ, ಹೇ ಕಾಯ್?” ಇದೇನು ಎಂದು ಚೀಲ ತೋರಿಸಿದರು.

ಅದು ಹೆಂಡತಿಯ ಜಾಗ, ಅವಳು ಆಸ್ಪತ್ರೆಯಲ್ಲಿದ್ದಾಳೆ, ಸೀಟು ಬರಿದಾದರೆ ಗಾಡಿ ವಾಲುತ್ತದೆ ಎಂದು ಮಾವ ಮರಾಠಿಯಲ್ಲಿ ಹೇಳಿದರು. ನನಗೆ ನಗು ಬಂತು. ಪೊಲೀಸ್ ನಗಲಿಲ್ಲ. ಬಗ್ಗಿ, ಚೀಲದ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿ, ಹೋಗಿ ಎಂದು ಕೈ ಬೀಸಿದರು.

ಆಸ್ಪತ್ರೆಯಲ್ಲಿ ಅತ್ತೆಯನ್ನು ಆಗಲೇ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಅವರು ಕೇಳಿದ್ದು ನನ್ನನ್ನು. “ನಿನ್ನೆಯಿಂದ ಇವರು ಆ ಶಬ್ದ ಹೇಳಿದ್ರಾ?”

“ಇಲ್ಲ ಅತ್ತೆ.”

ಅತ್ತೆಯ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡೆ. ಮಾವನ ಕೈ ಹಿಡಿದು, “ಒಮ್ಮೆ ಹೇಳಿ ಮಾರಾಯ್ರೆ” ಎಂದರು.

ಮಾವ ಬಾಯಿ ತೆರೆದರು. ಆ ಶಬ್ದ ಬರಲಿಲ್ಲ. “ಅಕ್ಕಿ ಚೀಲ ಕೂರಿಸಿ ನೋಡಿದೆ. ಅದು ಅಲುಗುವುದೇ ಇಲ್ಲ ಮಾರಾಯ್ತಿ. ನನಗೆ ನೀನೇ ಬೇಕು” ಎಂದರು.

ಸ್ಟ್ರೆಚರ್ ಒಳಗೆ ಹೋಯಿತು. ಮಾವ ಕೆಳಗೆ ಹೋಗಿ ಹೆಲ್ಮೆಟ್ ತಂದು, ಮಡಿಲಲ್ಲಿಟ್ಟುಕೊಂಡು ಬಾಗಿಲ ಎದುರೇ ಕೂತರು. ಐದು ಗಂಟೆ ಹೊತ್ತು ಅಲುಗಲಿಲ್ಲ.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಹೋಯಿತು ಎಂದರು. ಮಾವ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು:

“ಸ್ಕೂಟರಿನಲ್ಲಿ ಯಾವತ್ತಿಂದ ಕೂರಬಹುದು?”