ಹೊಳೆ ದಾಟಲು ಜೋಡಿ ಬೇಕು

ಒಬ್ಬಂಟಿ ಮನುಷ್ಯನನ್ನು ನಗೆಪಾಟಲು ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ನಗಲು ಜೊತೆಗೆ ಯಾರೂ ಇರುವುದಿಲ್ಲ, ಅಷ್ಟೇ. ಹೊಳೆಯ ನೀರನ್ನು ಕಾಲುವೆಗೆ ಬಿಟ್ಟ ಹೊಸತರಲ್ಲಿ, ಕಕ್ಕೇರಾದ ಆಚೆ ಕೃಷ್ಣಾ ಹೊಳೆಯ ನಡುವಿನ ಒಂದು ಗಡ್ಡಿಗೆ ನನ್ನನ್ನು ಮಾಸ್ತರನಾಗಿ ಹಾಕಿದರು. ನಾಲ್ಕೂ ಕಡೆ ನೀರು, ನಡುವೆ ಒಂದಿಷ್ಟು ಮನೆ, ಒಂದೇ ಕೋಣೆಯ ಶಾಲೆ. ಸಂಜೆ ಮಕ್ಕಳು ಮನೆಗೆ ಹೋದರೆ ಮಾತಾಡಿಸಲು ನನಗೆ ಉಳಿಯುತ್ತಿದ್ದುದು ಕರಿಹಲಗೆ ಒಂದೇ.

ಆಡು

ಮೊದಲ ಭಾನುವಾರ, ಕಕ್ಕೇರಾದಲ್ಲಿ ಚಹಾ ಕುಡಿದು ನಾಲ್ಕು ಜನರ ಮಾತು ಕೇಳಿ ಬರೋಣವೆಂದು ಹರಗೋಲಿನಲ್ಲಿ ಕೂತೆ. ಅಂಬಿಗ ಹುಟ್ಟು ಮುಟ್ಟಲಿಲ್ಲ.

"ಜೋಡಿ ಯಾರ್ರಿ?" ಎಂದ.

"ಯಾರೂ ಇಲ್ಲ."

"ಹಂಗಾರ ದಾಟಂಗಿಲ್ರಿ. ಒಬ್ಬರನ್ನ ಹೊಳಿ ದಾಟಸೂ ಪದ್ಧತಿ ನಮ್ಮಲ್ಲಿ ಇಲ್ಲ."

"ನೀ ಅದಿ, ನಾ ಅದೀನಿ. ಇಬ್ಬರಾದೆವಲ್ಲೋ!"

"ನಾ ಹರಗೋಲಿನಾಂವ್ರಿ. ಹುಟ್ಟನ್ನ ಯಾರರ ಎಣಸ್ತಾರೇನು?"

ಬಹಳ ಹೊತ್ತು ಕಾದರೂ ಇನ್ನೊಬ್ಬರು ಬರಲಿಲ್ಲ. ಕೊನೆಗೆ ಅವನಿಗೇ ಕನಿಕರ ಬಂದು, ಮನೆಯಿಂದ ಆಡು ಹಿಡಿದು ತಂದು ನನ್ನ ಪಕ್ಕ ನಿಲ್ಲಿಸಿದ. ಜೀವ ಇದ್ದರೆ ಸಾಕಂತೆ. ನಡುಹೊಳೆಯಲ್ಲಿ ಆಡು ನನ್ನ ಹೆಗಲ ಮೇಲಿನ ಟವೆಲ್ ತಿನ್ನತೊಡಗಿತು. ಗದರಿದೆ.

"ಬೈಬ್ಯಾಡ್ರಿ ಮಾಸ್ತರ," ಅಂದ ಅಂಬಿಗ. "ಅದು ಸಿಟ್ಟಾತಂದ್ರ ವಾಪಸ್ ಬರಾಕ ನಿಮಗ ಜೋಡಿ ಯಾರು?"

ಆಚೆ ದಂಡೆಯವ

ಇನ್ನೊಂದು ಭಾನುವಾರ ಆಡು ಮೇಯಲು ಹೋಗಿತ್ತು. ಈ ದಂಡೆಯಲ್ಲಿ ನಾನೊಬ್ಬ. ಆ ದಂಡೆಯಲ್ಲಿ, ಗಡ್ಡಿಯಲ್ಲಿದ್ದ ಬೀಗರ ಮನೆಗೆ ಹೊರಟವನೊಬ್ಬ. ಅವನೂ ಒಂಟಿ, ನಾನೂ ಒಂಟಿ. ನನ್ನನ್ನು ಒಯ್ಯುವಂತಿಲ್ಲ, ಅವನನ್ನು ತರುವಂತಿಲ್ಲ. ಅಂಬಿಗ ಜಾಲಿಗಿಡದ ಕೆಳಗೆ ಟವೆಲ್ ಹಾಸಿ ಮಲಗಿಬಿಟ್ಟ.

"ಊಟ ಆತೇನ್ರೀ?" ಎಂದು ಆಚೆಯವ ಕೂಗಿದ.

"ಇಲ್ರೀ! ನಿಮ್ದು?"

ಹೀಗೆ ಶುರುವಾದ ಮಾತು ಅವನ ಹೆಂಡತಿಯ ತವರುಮನೆ, ನನ್ನ ಅಡುಗೆ, ಕಾಲುವೆ ನೀರು ಅವನ ಹೊಲದ ಹತ್ತಿರ ಬಂದು ಬೇರೆ ಕಡೆ ತಿರುಗಿದ ಕಥೆ, ಎಲ್ಲ ಮುಗಿಸಿ ಹೊತ್ತು ಮುಳುಗುವ ತನಕ ನಡೆಯಿತು. ಗಂಟಲು ಬಿತ್ತು. ನಿಜ ಹೇಳುತ್ತೇನೆ, ಆ ವರ್ಷ ಅಷ್ಟು ಸುಖದ ಮಧ್ಯಾಹ್ನ ನನಗೆ ಇನ್ನೊಂದು ಸಿಗಲಿಲ್ಲ.

ಮುಂದೆ ಕಕ್ಕೇರಾ ಸಂತೆಯಲ್ಲಿ ಒಬ್ಬ ನನ್ನ ಮಗ್ಗುಲಲ್ಲೇ ನಿಂತು ಮೆಣಸಿನಕಾಯಿ ಆರಿಸುತ್ತಿದ್ದ. ನಾನೂ ನೋಡಿದೆ, ಅವನೂ ನೋಡಿದ. ಗುರುತು ಹತ್ತಲಿಲ್ಲ. ಅವನು ಅಂಗಡಿಯವನ ಮೇಲೆ ಕೂಗಾಡಿದಾಗಲೇ ನಾನು, "ಅಯ್ಯ, ನೀವೇನ್ರಿ!" ಎಂದದ್ದು.

ರೈಲಿಗೂ ಅದೇ ಹೊಳೆ

ಕೆಲವು ವರ್ಷ ಹೀಗೇ ಕಳೆದವು. ಒಂಟಿತನ ತಡೆಯಲಾಗದೆ, ವರ್ಗ ಕೇಳಲು ಬೆಂಗಳೂರಿಗೇ ಹೊರಟೆ. ಆ ದಿನ ಹರಗೋಲಿನಲ್ಲಿ ಆಡು ಇರಲಿಲ್ಲ. ಗಡ್ಡಿಯವರೆಲ್ಲ ಆಯಿ ಎಂದು ಕರೆಯುವ ಅಂಬಿಗನ ತಾಯಿ ರೊಟ್ಟಿ ಗಂಟು ಹಿಡಿದು ಕೂತಿದ್ದಳು.

"ರೈಲು ರಾಯಚೂರಿನ ಕಡಿಗೆ ಹೊಳಿ ದಾಟ್ತದಲ್ರಿ, ಅದೂ ಕೃಷ್ಣಿನ," ಅಂದ ಅಂಬಿಗ. "ಅದಕ್ಕ ಅವ್ವನ್ನ ಕಳಸಾಕತ್ತೀನಿ."

"ರೈಲು ತುಂಬ ಜನ ಇರ್ತಾರಪ್ಪಾ!"

"ಅವರು ಯಾರ್ಯಾರ ಜೋಡಿನೋ. ನಿಮ್ಮ ಜೋಡಿ ಯಾರ್ರಿ?"

ಆಯಿಯ ಜೊತೆ ಬಸ್ಸು ಹತ್ತಿದೆ. ಸುರಪುರ, ಶಹಾಪುರ ದಾಟಿ ಬಸ್ಸು ಯಾದಗಿರಿಗೆ ಹೋಗುವಾಗ ಆಯಿ ಕಿಟಕಿಯಾಚೆ ಕಾಲುವೆ ನೀರಿನ ಭತ್ತದ ಗದ್ದೆ ನೋಡಿ, "ನಮ್ಮ ಹೊಳಿ ನಮಗಿಂತ ಮೊದಲ ಇಲ್ಲಿಗೆ ಬಂದಾಳ ನೋಡು ತಮ್ಮಾ," ಎಂದಳು. ಯಾದಗಿರಿಯಲ್ಲಿ ರೈಲು ಹತ್ತಿದೆವು. ಮಾತು ಆಗಿದ್ದು ನನ್ನನ್ನು ಸೇತುವೆ ದಾಟಿಸಿ, ರಾಯಚೂರಿನಲ್ಲಿ ಇಳಿದು ಆಕೆ ವಾಪಸಾಗುವುದು ಎಂದು. ರಾಯಚೂರು ಬಂತು. ಆಯಿ ಏಳಲಿಲ್ಲ.

"ಇಳೀರಿ ಆಯಿ."

"ಇಳದ ಮ್ಯಾಲ ನಾ ಒಬ್ಬಾಕಿ ಹೆಂಗ ಹೊಳಿ ದಾಟ್ಲಿ?"

ಬೆಂಗಳೂರಿನ ತನಕ ರೊಟ್ಟಿಗೇನೂ ಕೊರತೆಯಾಗಲಿಲ್ಲ.

ಸಾಹೇಬರ ಮುಂದೆ

"ಏನ್ರೀ ಮೇಷ್ಟ್ರೇ, ಏನು ತೊಂದರೆ?" ಎಂದರು ಕಚೇರಿಯ ಸಾಹೇಬರು.

"ಸಾರ್, ಆ ಗಡ್ಡಿಯಲ್ಲಿ ನಾನು ಒಬ್ಬಂಟಿ. ನನ್ನವರು ಅಂತ ಒಬ್ಬರೂ ಇಲ್ಲ," ಎಂದೆ. ಹೇಳಿದ್ದು ನಾಟಕವಲ್ಲ. ಸಾಹೇಬರ ಮುಖ ಮೆತ್ತಗಾಯಿತು. ಪೆನ್ನು ತೆಗೆದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಗಂಟು ಹಿಡಿದು ನಿಂತ ಆಯಿ ಅವರ ಕಣ್ಣಿಗೆ ಬಿದ್ದಳು.

"ಇವರು ಯಾರು?"

"ನಮ್ಮ ಅಂಬಿಗನ ತಾಯಿ, ಸಾರ್."

"ಇಷ್ಟು ದೂರ ಯಾಕೆ ಬಂದ್ರು?"

ಆಯಿಯೇ ಉತ್ತರ ಕೊಟ್ಟಳು: "ಒಬ್ಬಾಂವನ್ನ ಹೆಂಗ ಕಳಸೂದ್ರಿ ಸಾಹೇಬ್ರ? ಇಂವೇನು ಯಾರೂ ಇಲ್ಲದಾಂವೇನ್ರಿ?"

ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. "ಮೇಷ್ಟ್ರೇ, ನಾನು ಈ ಊರಲ್ಲೇ ಹುಟ್ಟಿದೋನು. ಬಸ್‌ಸ್ಟಾಪಿನ ತನಕ ಜೊತೆಗೆ ಬರೋರು ನನಗೆ ಯಾರೂ ಇಲ್ಲ ಕಣ್ರೀ," ಎಂದರು.

ಸಾಹೇಬರು ತನ್ನ ಕಡೆಗೆ ವಾಲಿದ್ದಾರೆಂದು ಗೊತ್ತಾಗಿ ಆಯಿ ಮುಂದೆ ಬಂದಳು.

"ಇಂವನ್ನ ತಗೀಬ್ಯಾಡ್ರಿ ಸಾಹೇಬ್ರ. ಆಗೂದಾದ್ರ ಇನ್ನೊಬ್ಬ ಮಾಸ್ತರನ್ನ ಹಾಕಿ ಕೊಡ್ರಿ. ನಮ್ಮ ಆಡು ಮುದಿ ಆಗೇದ."

ನನ್ನ ವರ್ಗ ಆಗಲಿಲ್ಲ. ಆಡಿನ ಜಾಗಕ್ಕೂ ಯಾರೂ ಬರಲಿಲ್ಲ.