ಸುರಕುಂಬಾ ತುಂಬಿಕೊಂಡು ಹೋದ ಬಟ್ಟಲು

ಸಿಂದಗಿಯ ಮೊಟ್ಟಮೊದಲ ಆರ್ಟ್ ಗ್ಲಾಸ್ ವ್ಯಾಪಾರಿ ಯಾರು ಎಂದು ಮುಂದೊಂದು ದಿನ ಯಾರಾದರೂ ಕ್ವಿಜ್‌ನಲ್ಲಿ ಕೇಳಿದರೆ, ಉತ್ತರ ನಾನೇ ಆಗಿರಬೇಕು: ನಿಷತ, ಬಿ.ಕಾಂ. ಎರಡನೇ ವರ್ಷ, ಇಂಗ್ಲಿಷ್ ಮೀಡಿಯಂ! ಹೀಗೆಂದು ನಾನು ಪಣ ತೊಟ್ಟದ್ದು ಏಳು ತಿಂಗಳ ಹಿಂದೆ, ವಿಜಯಪುರದಲ್ಲಿ ಹಳೆ ಸಾಮಾನು ಮಾರುವ ಬಾಬುಲಾಲನ ಅಂಗಡಿಯಲ್ಲಿ, ಮೂಗಿಗೆ ಓಢಣಿ ಹಿಡಿದುಕೊಂಡು.

ಆರ್ಟ್ ಗ್ಲಾಸ್ ಅಂದರೆ ಕಿಟಕಿಯ ಗಾಜಲ್ಲ, ಬಳೆಯ ಗಾಜೂ ಅಲ್ಲ. ಕಾದ ಗಾಜನ್ನು ಬಾಯಿಂದ ಊದಿ, ಬಣ್ಣ ಬೆರೆಸಿ, ಒಂದೊಂದನ್ನೇ ಮಾಡಿ ತಳದಲ್ಲಿ ಮಾಡಿದವರ ಸಹಿ ಗೀರಿರುತ್ತಾರೆ. ಇದನ್ನು ಕೂಡಿಡುವ ಹುಚ್ಚರು ಜಗತ್ತಿನ ತುಂಬ ಇದ್ದಾರೆ ಎಂದು ಇಂಟರ್‌ನೆಟ್ಟು ಹೇಳಿತು. ನಾನು ಮೂರು ಪೀಸು ಕೊಂಡೆ. ಒಳಗೆ ಹೂವಿದ್ದ ಒಂದು ಪೇಪರ್‌ವೇಟು, ಕುತ್ತಿಗೆ ಉದ್ದದ ಒಂದು ಬಾತುಕೋಳಿ, ಮತ್ತು ಒಂದು ಬಟ್ಟಲು. ಆ ಬಟ್ಟಲಿನ ಚೆಂದ ಏನು ಹೇಳಲಿ, ಕಡು ನೀಲಿಯೊಳಗೆ ಜೇನಿನ ಬಣ್ಣದ ಸುಳಿ, ಬಿಸಿಲಿಗೆ ಹಿಡಿದರೆ ಸುಳಿ ತಿರುಗಿದಂತೆಯೇ ಕಾಣುತ್ತದೆ. ತಳದಲ್ಲಿ ಸಹಿ!

"ಮಾರ್ಕೆಟ್ ಸದ್ಯ ಮಲಗೇತ್ರಿ ಅಕ್ಕಾರ," ಎಂದಿದ್ದ ಬಾಬುಲಾಲ. "ಮಲಗಿದಾಗ ತಗೋಬೇಕು, ಎದ್ದಾಗ ಮಾರಬೇಕು."

ನಮ್ಮ ಅರ್ಥಶಾಸ್ತ್ರದ ಪುಸ್ತಕವೂ ಬಹುತೇಕ ಇದನ್ನೇ ಹೇಳುತ್ತದೆ, ಹದಿನಾಲ್ಕು ಪುಟಗಳಲ್ಲಿ. ನಾನು ಮೂರನ್ನೂ ತಂದು ಪಡಸಾಲೆಯ ಷೋಕೇಸಿನಲ್ಲಿಟ್ಟೆ, ಬಟ್ಟಲೊಂದರದೇ ನಲವತ್ತೆರಡು ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದೆ, ಕಾದೆ. ಏಳು ತಿಂಗಳಲ್ಲಿ ಬಂದ ಒಟ್ಟು ವಿಚಾರಣೆ ಎರಡು. ಒಬ್ಬರು ಬಾತುಕೋಳಿ ಮೊಟ್ಟೆ ಇಡುತ್ತದೆಯೇ ಎಂದು ಕೇಳಿದ್ದರು. ಇನ್ನೊಬ್ಬರು ನನ್ನ ಕ್ಲಾಸಿನ ಶಾಹಿಸ್ತಾ. ಬೇರೆ ಹೆಸರಿಂದ ಕೇಳಿದ್ದಳು.

ನಮ್ಮ ಅಬ್ಬಾ ಇಬ್ರಾಹಿಂಸಾಬ ತೊಗರಿ ವ್ಯಾಪಾರಿ. ಮೂವತ್ತು ವರ್ಷದಿಂದ ಅಡತಿ ಅಂಗಡಿಯಲ್ಲಿ ಕೂತವರು. ಷೋಕೇಸಿನ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಬಾತುಕೋಳಿಯನ್ನು ಬಹಳ ಹೊತ್ತು ನೋಡಿದರು.

"ತೊಗರಿ ಮಾರ್ಕೆಟ್ಟೂ ಬೀಳತೈತಿ. ಬಿದ್ದದ್ದು ಏಳತೈತಿ. ನಿನ್ನ ಮಾರ್ಕೆಟ್ ಸತ್ತೈತೋ ಮಲಗೈತೋ, ಮೂಗಿಗೆ ಕೈ ಹಿಡದು ನೋಡೀಯೇನು?"

"ಅಬ್ಬಾ, ಇದು ಸ್ಲೋ ಮಾರ್ಕೆಟ್ಟು."

"ಒಂದ ಒಂದು ಮಾರಿ, ಏನರೆ ಫಾಯ್ದಾ ತೋರ್ಸು. ಆಮ್ಯಾಲೆ ಇದಕ್ಕ ಧಂಧೆ ಅನ್ನೂಣು. ಅಲ್ಲೀತನಕ ಇದು ಧೂಳ ಒರಸೂ ಕೆಲಸ."

ಈ ಮಾತು ನನಗೆ ನಾಟಿತು. ಒಂದೇ ಒಂದು ಮಾರಾಟ! ಅಲ್ಲಿಂದ ನನ್ನ ಬಾಳಿನ ಗುರಿ ಅಷ್ಟೇ ಆಯಿತು.

ರಮಜಾನ್ ಹಬ್ಬ ಮುಗಿದ ಒಂಬತ್ತನೇ ದಿನ ಗುರಿ ತಾನಾಗಿಯೇ ಬಂದು ಬಾಗಿಲು ತಟ್ಟಿತು. ಬಸವನ ಬಾಗೇವಾಡಿಯ ಅನೀಲಕುಮಾರ ಎಂಬವರು, ಕಾಲೇಜಿನಲ್ಲಿ ಪಾಠ ಹೇಳುವವರು, ಗಾಜು ಕೂಡಿಡುವವರು, ಮೆಸೇಜು ಹಾಕಿದ್ದರು. ನಲವತ್ತೆರಡೂ ಫೋಟೊ ನೋಡಿದ್ದಾರಂತೆ, ಹಿಗ್ಗಿಸಿ ಹಿಗ್ಗಿಸಿ. ನಾನು ಹೇಳಿದ ಬೆಲೆಗೆ ಚೌಕಾಸಿಯನ್ನೂ ಮಾಡಲಿಲ್ಲ. ಫೋನಿನಲ್ಲಿ, "ಮೇಡಂ, ಆ ಸುಳಿ ಜಗತ್ತಿನ್ಯಾಗ ಎಲ್ಲಿದ್ರೂ ನಾ ಗುರ್ತು ಹಿಡಿತೇನ್ರಿ. ತಳದ ಸಹಿ ಒಂದು ಕಣ್ಣಾರೆ ನೋಡಬೇಕು, ಅಷ್ಟ. ರವಿವಾರ ನಮ್ಮನಿಗೆ ತಗೊಂಡು ಬರ್ರಿ," ಎಂದು ಹೇಳಿ ಲೊಕೇಶನ್ ಕಳಿಸಿದರು.

ಮೇಡಂ! ನಾನು ಕುಣಿಯುತ್ತ ಷೋಕೇಸಿಗೆ ಹೋದೆ. ಪೇಪರ್‌ವೇಟು ಇತ್ತು. ಬಾತುಕೋಳಿ ಇತ್ತು. ನಡುವೆ ಬಟ್ಟಲಿನ ಅಳತೆಯ ದುಂಡನೆಯ ಖಾಲಿ ಜಾಗ, ಸುತ್ತ ಧೂಳು. ಒಂಬತ್ತು ದಿನದಿಂದ ನಾನು ಬಟ್ಟಲನ್ನು ಫೋನಿನಲ್ಲಿ ಮಾತ್ರ ನೋಡುತ್ತಿದ್ದೆ ಎಂಬುದು ಆಗ ಹೊಳೆಯಿತು.

ಅಡುಗೆಮನೆಯಲ್ಲಿ ನಮ್ಮ ದಾದಿಮಾ ಸೈದಾಬಿ, ಅಂದರೆ ಅಬ್ಬಾನ ತಾಯಿ, ಅಕ್ಕಿ ಹಸನು ಮಾಡುತ್ತ ಕೂತಿದ್ದಳು.

"ದಾದಿಮಾ, ಷೋಕೇಸಿನ್ಯಾಗಿನ ನೀಲಿ ಬಟ್ಟಲ ಎಲ್ಲೈತಿ?"

"ಅದಾ? ಹಬ್ಬದ ದಿನ ಹೊನ್ನವ್ವಗ ಸುರಕುಂಬಾ ಕಳಿಸಿದ್ನೆಲ್ಲ, ಅದರಾಗ ಹೋತು."

ಹಾಲು, ಶಾವಿಗೆ, ಉತ್ತತ್ತಿ ಹಾಕಿದ ಸುರಕುಂಬಾ ಇಲ್ಲದೆ ನಮ್ಮಲ್ಲಿ ಹಬ್ಬವಿಲ್ಲ. ಅದು ಪಕ್ಕದ ಮನೆಯ ಹೊನ್ನವ್ವನಿಗೆ ಹೋಗದೆ ನಾವ್ಯಾರೂ ಬಾಯಿಗಿಡುವುದೂ ಇಲ್ಲ. ಆದರೆ ಕಲಾಕೃತಿಯಲ್ಲಿ?

"ಮನಿ ತುಂಬ ಬೋಗಾಣಿ ಅದಾವು. ನಿನಗ ಅದೊಂದ ಸಿಕ್ತೇನು?"

"ಮನಿ ತುಂಬ ಅದಾವು, ಖರೆ. ಎಲ್ಲಾದರಾಗೂ ಒಂದಲ್ಲ ಒಂದಿನ ಖಂಡ ಕುದ್ದೈತಿ. ಹೊನ್ನವ್ವ ಲಿಂಗ ಕಟ್ಟಿದಾಕಿ. ಅಕಿಗಂತನ ಒಂದು ಡಬರಿ ಬ್ಯಾರೆ ಇಟ್ಟಿದ್ನಿ, ಈ ಸಲ ಅದರ ತಳ ತೂತು ಬಿತ್ತು. ಖಂಡ ಕಾಣದ ಪಾತ್ರಿ ಅಂದ್ರ ಮನ್ಯಾಗ ನಿಂದೊಂದ ಇತ್ತು."

"ಹೊನ್ನವ್ವಾಯಿ ಏನು ಕೇಳ್ತಿದ್ಲೇನು, ಯಾವ ಪಾತ್ರಿ ಅಂತ?"

"ನಲವತ್ತು ವರ್ಷ ಆತು, ಒಂದಿನ ಕೇಳಿಲ್ಲ. ಕೇಳೂದಿಲ್ಲ ಅಂತನ ನೋಡಿ ಕಳಿಸಬೇಕವಾ."

ನಾನು ಪಕ್ಕದ ಮನೆಗೆ ಓಡಿದೆ. ಹೊನ್ನವ್ವಾಯಿ ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಬರೇ ಬಟ್ಟಲ ಹೆಂಗ ಹೊಳ್ಳಿ ಕೊಡ್ಲವ್ವ? ಏನರೆ ಮಾಡಿ ತುಂಬಿ ಕೊಡೂಣಂತ ಇಟ್ಕೊಂಡಿದ್ನಿ. ಅಷ್ಟರಾಗ ಮಗಳು ಸುನಂದಾ ಇಂಡಿಗೆ ಹೊಂಟಳು. ಕರಚಿಕಾಯಿ ಹಾಕಿ ಕೊಟ್ನಿ. ಬೀಗರ ಮುಂದ ಇಟ್ರ ಚಂದ ಕಾಣತೈತಿ ಅಂತ."

ಇಂಡಿಗೆ ಫೋನು. ಸುನಂದಕ್ಕನ ದನಿಯಲ್ಲಿ ಸಂಭ್ರಮ.

"ಅಯ್ಯ ತಂಗಿ, ಅದು ನಿಂದ ಬಟ್ಟಲೇನು? ನಮ್ಮತ್ತಿ ಅದನ್ನ ಕೆಳಗ ಇಡ್ಲೇ ಇಲ್ಲ ನೋಡು. ಶೇಂಗಾ ಹೋಳಿಗಿ ತುಂಬಿ ಮುದ್ದೇಬಿಹಾಳಕ್ಕ ಕಳಿಸೇವಿ, ನಮ್ಮ ನಾದಿನಿ ಸೀತವ್ವನ ಕೈಯಾಗ. ವಾಪಸ್ ಬರತೈತಿ ಬಿಡು, ಬಟ್ಟಲ ಎಲ್ಲಿ ಹೋಗತೈತಿ?"

ಎಲ್ಲಿ ಹೋಗುತ್ತದೆ ಎಂಬುದನ್ನು ಮುದ್ದೇಬಿಹಾಳದ ಸೀತವ್ವ ಹೇಳಿದರು. ಅವರು ಗೋಧಿ, ಬೆಲ್ಲದ ಮಾದ್ಲಿ ಮಾಡಿ, ತುಪ್ಪ ಹಾಕಿ, ಮೊನ್ನೆ ಬುಧವಾರ ಬಸವನ ಬಾಗೇವಾಡಿಯಲ್ಲಿರುವ ಮೈದುನನ ಮನೆಗೆ ಕಳಿಸಿದ್ದರು. "ಬಸ್‌ಸ್ಟ್ಯಾಂಡ್‌ನಿಂದ ಹಿಟ್ಟಿನ ಗಿರಣಿ ಕಡೆ ಹೊಳ್ಳು. ಬಾಗಲಾಗ ಬೇವಿನ ಗಿಡ, ಹಸರು ಗೇಟು. ನಮ್ಮ ನೆಗೆಣ್ಣಿ ಇರ್ತಾಳ, ಇಸ್ಕೊಂಡು ಹೋಗು."

ಏಳು ತಿಂಗಳು ಒಬ್ಬರ ಕಣ್ಣಿಗೂ ಬೀಳದ ನನ್ನ ಬಟ್ಟಲು ಒಂಬತ್ತೇ ದಿನದಲ್ಲಿ ಇಂಡಿ, ಮುದ್ದೇಬಿಹಾಳ ಸುತ್ತಿ ಬಾಗೇವಾಡಿ ಸೇರಿತ್ತು! ಆದರೂ ನೋಡಿ, ನನ್ನ ಅದೃಷ್ಟ ಎಂಥದು. ಬಟ್ಟಲೂ ಬಾಗೇವಾಡಿ, ಗಿರಾಕಿಯೂ ಬಾಗೇವಾಡಿ. ಹನ್ನೊಂದಕ್ಕೆ ಇಸಿದುಕೊಂಡು, ತೊಳೆದು, ಹನ್ನೆರಡಕ್ಕೆ ಮಾರಿಬಿಟ್ಟರಾಯಿತು. ಸಾಗಾಟದ ಖರ್ಚಿಲ್ಲ.

ರವಿವಾರ ಹೊರಟಾಗ ದಾದಿಮಾ ಬುರ್ಖಾ ಹಾಕಿಕೊಂಡು ತಯಾರಾಗಿ ನಿಂತಿದ್ದಳು. ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದರಲ್ಲಿ ಲಿಂಬೆಹಣ್ಣಿನ ಚೀಲ.

"ನೀ ಯಾಕ, ದಾದಿಮಾ?"

"ಬಸ್ ಪುಕ್ಕಟ ಐತಿ. ಮತ್ತ, ಮಂದಿ ಮನಿಗೆ ಬರೇ ಕೈಲೆ ಹೋಗ್ತೀಯೇನು?"

ಹಿಟ್ಟಿನ ಗಿರಣಿ ಸಿಕ್ಕಿತು, ಬೇವಿನ ಗಿಡ ಸಿಕ್ಕಿತು, ಹಸಿರು ಗೇಟೂ ಸಿಕ್ಕಿತು. ಬಾಗಿಲು ತೆಗೆದ ಅಕ್ಕ ನಾವು ಯಾರೆಂದು ತಿಳಿಯುತ್ತಲೇ ಕೂರಿಸಿ, ನೀರು ಕೊಟ್ಟು, ಒಳಗಿಂದ ಬಟ್ಟಲು ಹಿಡಿದುಕೊಂಡು ಬಂದರು. ನನ್ನ ನೀಲಿ ಬಟ್ಟಲು! ಅದರ ಕಂಠದವರೆಗೆ ಬೆಳ್ಳನೆ ಮೊಸರು.

"ಸ್ಟೀಲಿನ್ಯಾಗ ಹೆಪ್ಪ ಹಾಕಿದ್ರ ನೀರೊಡಿತೈತ್ರಿ ಅಮ್ಮಾರ. ಇದರಾಗ ನೋಡ್ರಿ, ಹೆಂಗ ಗಟ್ಟಿ ಹಿಡದೈತಿ," ಎಂದರು ದಾದಿಮಾಳಿಗೆ.

"ಎಮ್ಮಿ ಹಾಲೇನವಾ?" ಎಂದಳು ದಾದಿಮಾ.

ಇವರಿಬ್ಬರೂ ಎಮ್ಮೆಯ ವಿಚಾರದಲ್ಲಿ ಮುಳುಗಿರುವಾಗ ನಾನು ಗಿರಾಕಿಯ ಮನೆ ಎಷ್ಟು ದೂರ ಎಂದು ಲೊಕೇಶನ್ ಒತ್ತಿದೆ. ನನ್ನ ಫೋನು, ಆ ಶಾಂತವಾದ ಪಡಸಾಲೆಯಲ್ಲಿ, ಸ್ಪಷ್ಟ ಇಂಗ್ಲಿಷಿನಲ್ಲಿ, ನೀವು ತಲುಪಿದ್ದೀರಿ ಎಂದು ಘೋಷಿಸಿತು.

ಒಳಗಿನ ಕೋಣೆಯಿಂದ ಲುಂಗಿ ಉಟ್ಟ ಒಬ್ಬರು ಭೂತಗನ್ನಡಿ ಹಿಡಿದುಕೊಂಡು ಹೊರಗೆ ಬಂದರು. ಹೆಗಲ ಮೇಲೆ ಮಖಮಲ್ಲಿನ ಬಟ್ಟೆ.

"ನಿಷತ ಮೇಡಂ ಏನ್ರಿ? ಬರ್ರಿ ಬರ್ರಿ. ಪೀಸ್ ತಂದೀರಿ?"

ನಾನು ಅವರ ಹೆಂಡತಿಯ ಕೈಯತ್ತ ಬೆರಳು ತೋರಿಸಿದೆ.

ಅನೀಲಕುಮಾರರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಟ್ಟಲನ್ನು ನೋಡಿದರು. "ಇದು... ಇದು ನಮ್ಮ ಮೊಸರಿನ ಬಟ್ಟಲಲ್ಲ?"

"ನಮ್ಮದೆಲ್ಲಿಂದ ಬಂತು? ನೆಗೆಣ್ಣಿ ಮಾದ್ಲಿ ಕಳಿಸಿದ್ದು," ಎಂದರು ಅಕ್ಕ. "ಬುಧವಾರದಿಂದ ದಿನಾ ಇದರಾಗಿಂದ ಬಡಿಸಿಕೊಂಡು ಉಣ್ಣಾಕತ್ತೀರಿ. ಯಾಕ?"

ಜಗತ್ತಿನಲ್ಲಿ ಎಲ್ಲಿದ್ದರೂ ಸುಳಿಯ ಗುರುತು ಹಿಡಿಯುವವರು ಕಿವಿಯವರೆಗೆ ಕೆಂಪಾದರು. ಮೆಲ್ಲಗೆ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಯ ಮೇಲಕ್ಕೆತ್ತಿ, ಓರೆ ಮಾಡಿ, ತಳದ ಸಹಿಗೆ ಕಣ್ಣು ಹಚ್ಚಿದರು. ಮೊಸರು ಮಿಸುಕಲಿಲ್ಲ.

"ಖರೇನ ಸಹಿ," ಎಂದರು ಅವರು, ತಳಕ್ಕೆ ಕಣ್ಣು ಹಚ್ಚಿಕೊಂಡೇ.

"ಖರೇನ ಗಟ್ಟಿ," ಎಂದಳು ದಾದಿಮಾ, ಮೊಸರಿನ ಕಡೆ ನೋಡುತ್ತ.

"ರೊಕ್ಕ ತರ್ತೇನಿ ಮೇಡಂ," ಎಂದು ಅವರು ತಿರುಗಿದ್ದೇ ತಡ, ಅಕ್ಕ ಅಡ್ಡ ನಿಂತರು.

"ಯಾತರ ರೊಕ್ಕ?"

"ಬಟ್ಟಲದ್ದು. ಕೊಂಡುಕೊಳ್ಳಾಕತ್ತೇನಿ."

"ತಿನ್ನಾಕ ಕೊಟ್ಟು ಕಳಿಸಿದ ಬಟ್ಟಲಾ ರೊಕ್ಕ ಕೊಟ್ಟು ಇಟ್ಕೋತೀರಿ? ನೆಗೆಣ್ಣಿಗೆ ಗೊತ್ತಾದ್ರ ಏನಂದಾಳು? ಮಾದ್ಲಿ ತಿಂದ್ರು, ಬಟ್ಟಲಾನೂ ನುಂಗಿದ್ರು ಅಂತ ಮುದ್ದೇಬಿಹಾಳ ತುಂಬ ಹೇಳ್ತಾಳ."

"ಅಕ್ಕಾರ, ಬಟ್ಟಲ ನಂದ್ರಿ," ಎಂದೆ ನಾನು. "ನಾನ ಮಾರಾಕತ್ತೇನಿ. ನನಗೇನೂ ಬೇಜಾರಿಲ್ಲ."

"ನೀ ಇನ್ನ ಸಣ್ಣಾಕಿ, ತಂಗಿ. ಅಮ್ಮಾರ, ನೀವ ಹೇಳ್ರಿ."

"ಖರೆ ಐತವಾ," ಎಂದಳು ನನ್ನ ಸ್ವಂತ ದಾದಿಮಾ. "ಉಣ್ಣಾಕ ಹೋದ ಪಾತ್ರಿ ಮನಿಗೆ ಹೊಳ್ಳಿ ಬರಬೇಕು."

ನಾನು ಸುಲಭಕ್ಕೆ ಬಿಡುವವಳಲ್ಲ. ಮೊಸರು ತೆಗೆದು, ಬಟ್ಟಲು ತೊಳೆದು ಸಿಂದಗಿಗೆ ಒಯ್ದು, ನಾಳೆ ಮತ್ತೆ ತಂದು ಮಾರಿದರೆ ನಡೆಯುತ್ತದೆಯೇ ಎಂದು ಕೇಳಿದೆ. ಅಕ್ಕ, "ಬಟ್ಟಲ ತೊಳದ್ರ ಮಾತು ತೊಳಿತೈತೇನು?" ಎಂದರು. ಅನೀಲಕುಮಾರರು ಭೂತಗನ್ನಡಿಯನ್ನು ಮಖಮಲ್ಲಿನಲ್ಲಿ ಸುತ್ತಿ, ಹೆಂಡತಿಗೆ ಕೇಳಿಸದಂತೆ, "ಮೇಡಂ, ಬ್ಯಾರೆ ಏನರೆ ಐತೇನ್ರಿ?" ಎಂದು ಕೇಳಿದರು.

"ಬಾತುಕೋಳಿ ಐತ್ರಿ ಸರ."

"ಬ್ಯಾಡ್ರಿ," ಎಂದರು.

ಬಟ್ಟಲು ಖಾಲಿ ಮಾಡಿ ಕೊಡಿ ಎಂದು ನಾನು ಕೇಳಲಿಲ್ಲ; ಇಷ್ಟು ಹೊತ್ತಿಗೆ ಅಷ್ಟು ಕಲಿತಿದ್ದೆ. ಮೊಸರಿನ ಸಮೇತ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ಬಾಳೆ ಎಲೆ ಕಟ್ಟಿಸಿಕೊಂಡು, ಕಿಟಕಿಯ ಬಿಸಿಲಿಗೆ ಮುಖ ಕೊಟ್ಟು ಸಿಂದಗಿಯವರೆಗೆ ಅಲುಗಾಡದೆ ಕೂತೆ. ಪಕ್ಕದಲ್ಲಿ ದಾದಿಮಾ ಸುಖವಾಗಿ ನಿದ್ದೆ ಹೋದಳು.

ಮನೆಗೆ ಬಂದಾಗ ಅಬ್ಬಾ ರೊಟ್ಟಿ ಮುರಿಯುತ್ತ ಕೂತಿದ್ದರು.

"ಏನಾತು ಸೌದಾ?"

ನಾನು ಬಟ್ಟಲನ್ನು ಅವರ ಮುಂದಿಟ್ಟೆ. ದಾದಿಮಾ ಬುರ್ಖಾ ತೆಗೆಯುತ್ತ ನನ್ನ ಪರವಾಗಿ ವರದಿ ಒಪ್ಪಿಸಿದಳು.

"ಮಾಲು ಹೊಳ್ಳಿ ಬಂತು. ಒಂದು ಬಟ್ಟಲ ಮೊಸರು ಫಾಯ್ದಾ."

ಅಬ್ಬಾ ಬಾಳೆ ಎಲೆ ಸರಿಸಿದರು, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು, ಅಡತಿಯಲ್ಲಿ ಕಾಳು ನೋಡುವಾಗಿನಂತೆ ಕಣ್ಣು ಮುಚ್ಚಿದರು.

"ಏಳು ತಿಂಗಳಿಗೆ ಒಂದು ಫಾಯ್ದಾ ಆತು," ಎಂದರು, "ಅದೂ ಹುಳಿ ಬಂದೈತಿ."